ಹಳೆಯ ಕೊಟ್ಟಿಗೆಯ ಕಲ್ಲುಗೋಡೆಯಲ್ಲಿ ಹೊಸ ಬಾಗಿಲು ತೆರೆಯುವ ಬಗೆ

ಹಳೆಯ ಕಣಜ, ಕೊಟ್ಟಿಗೆಗಳ ಕಲ್ಲುಗೋಡೆ ನೋಡಲು ಒಂದೇ ಗಟ್ಟಿ ಮೈ. ಒಳಗೆ ಹಾಗಿರುವುದಿಲ್ಲ. ಸಾಮಾನ್ಯವಾಗಿ 500–600 ಮಿ.ಮೀ. ದಪ್ಪದ ಈ ಗೋಡೆ ಅಸಲಿಗೆ ಎರಡು ಗೋಡೆ: ಹೊರಮೈಗೊಂದು, ಒಳಮೈಗೊಂದು, ನಡುವೆ ಚೂರುಗಲ್ಲು, ಮಣ್ಣು, ಸುಣ್ಣದ ತುಂಬು. ಎರಡನ್ನೂ ಹಿಡಿದಿಟ್ಟಿರುವುದು ಅಲ್ಲಲ್ಲಿ ಅಡ್ಡಲಾಗಿ ಕೂರಿಸಿದ ಉದ್ದಗಲ್ಲುಗಳು. ಗೋಡೆ ಒಡೆಯುವಾಗ ಆಗುವ ಹೆಚ್ಚಿನ ಅನಾಹುತಕ್ಕೆ ಈ ತುಂಬನ್ನು ಮರೆಯುವುದೇ ಕಾರಣ.

ಕಟ್ಟಡ ರಕ್ಷಿತ ಪಟ್ಟಿಯಲ್ಲಿದ್ದರೆ ಮೊದಲು ಅನುಮತಿ ಪಡೆಯಿರಿ. ಆಮೇಲೆ ಗೋಡೆಯನ್ನು ನಿಧಾನವಾಗಿ ಓದಿ. ಕಲ್ಲುಗಳು ಒಂದರ ಮೇಲೊಂದು ಹೆಣೆದುಕೊಳ್ಳದೆ ನೆಟ್ಟಗೆ ಮೇಲಿಂದ ಕೆಳಗೆ ಸಂದು ಇಳಿದಿದ್ದರೆ, ಅಲ್ಲಿ ಹಿಂದೆ ಬಾಗಿಲಿದ್ದು ಮುಚ್ಚಿರಬಹುದು. ಅದನ್ನೇ ಮತ್ತೆ ತೆರೆಯುವುದು ಎಲ್ಲಕ್ಕಿಂತ ಒಳ್ಳೆಯದು. ಮೇಲಿನ ಲಿಂಟಲ್ (ಬಾಗಿಲ ತಲೆಯ ಮೇಲಿನ ಗೋಡೆಯ ಭಾರ ಹೊರುವ ಅಡ್ಡದಿಮ್ಮಿ) ಎಷ್ಟೋ ಸಲ ಹಾಗೇ ಉಳಿದಿರುತ್ತದೆ. ಹೊಸ ಜಾಗವೇ ಬೇಕೆಂದರೆ ಮೂಲೆಯಿಂದ ಕನಿಷ್ಠ 600 ಮಿ.ಮೀ. ದೂರವಿರಲಿ, ತೊಲೆ ಕೂತಿರುವ ಜಾಗದ ಕೆಳಗೆ ಬೇಡ. ತೂಕದ ಗುಂಡು ಇಳಿಬಿಟ್ಟು ಉಬ್ಬು ಇದೆಯೇ ನೋಡಿ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಮೈಗಲ್ಲು ತುಂಬಿನಿಂದ ಬಿಟ್ಟುಕೊಂಡಿದೆ ಎಂದರ್ಥ. ಬಾಗಿಲು ಒಂದೂಕಾಲು ಮೀಟರಿಗಿಂತ ಅಗಲವಾದರೆ ಲಿಂಟಲ್‌ನ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರೇ ಮಾಡಬೇಕು.

ಒಡೆಯುವುದಕ್ಕೆ ಎರಡು ಮೂರು ವಾರ ಮೊದಲೇ, ಬಾಗಿಲು ಬರುವ ಜಾಗದ ಮೇಲಿನ ಸಂದುಗಳಿಗೆ ಆಳವಾಗಿ ಸುಣ್ಣದ ಗಾರೆ ತುಂಬಿ, ಚಕ್ಕೆಗಲ್ಲು ಬಡಿದು ಬಿಗಿ ಮಾಡಿ. ಇದನ್ನು ಬಿಟ್ಟರೆ, ಕೆಳಗೆ ಬಾಯಿ ತೆರೆದೊಡನೆ ತೂತುಬಿದ್ದ ಚೀಲದಿಂದ ಕಾಳು ಸುರಿದಂತೆ ತುಂಬು ಸುರಿಯುತ್ತದೆ, ನಿಲ್ಲಿಸಲು ಆಗುವುದಿಲ್ಲ.

ಮುಂದಿನದು ಆಸರೆ. ಲಿಂಟಲ್ ಬರುವ ಮಟ್ಟದಿಂದ ಸ್ವಲ್ಪ ಮೇಲೆ, ಸುಮಾರು 900 ಮಿ.ಮೀ.ಗೊಂದರಂತೆ ಕಲ್ಲು ತೆಗೆದು, ಗೋಡೆಯ ಆಚೆಗೂ ಈಚೆಗೂ ಚಾಚುವ ಗಟ್ಟಿ ಅಡ್ಡತೊಲೆ ತೂರಿಸಿ. ಎರಡೂ ಬದಿ ಪ್ರಾಪ್ (ತಿರುಗಿಸಿ ಎತ್ತರ ಹೊಂದಿಸುವ ಆಸರೆ ಕಂಬ) ಕೊಡಿ. ಕೊಟ್ಟಿಗೆಯ ನೆಲ ಮೆತ್ತಗಿರುವುದರಿಂದ ಪ್ರಾಪ್‌ಗಳ ಬುಡಕ್ಕೆ ದಪ್ಪ ಹಲಗೆ ಹಾಸಲೇಬೇಕು. ಪ್ರಾಪ್ ಬಿಗಿಯಾಗಿ ಕೂತರೆ ಸಾಕು. ಗೋಡೆಯನ್ನು ಎತ್ತುವಷ್ಟು ತಿರುಗಿಸಿದರೆ ಮೇಲೆ ಬಿರುಕು ಖಂಡಿತ.

ಕಲ್ಲು ಬಿಡಿಸುವುದು ಮೇಲಿಂದ ಕೆಳಕ್ಕೆ, ಉಳಿ ಸುತ್ತಿಗೆಯಿಂದ. ಬ್ರೇಕರ್ ಯಂತ್ರ ಬೇಡ. ಅದರ ಅದುರಿಗೆ ತುಂಬು ಕದಲುತ್ತದೆ. ಮೊದಲು ಲಿಂಟಲ್ ಕೂರುವಷ್ಟು ಮಾತ್ರ ತೆರೆದು, ಲಿಂಟಲ್ ಕೂರಿಸಿ, ಆಮೇಲೆ ಕೆಳಗಿನದನ್ನು ತೆಗೆಯಿರಿ. ಗೋಡೆ ದಪ್ಪವಾದ್ದರಿಂದ ಪಕ್ಕಪಕ್ಕ ಎರಡು ಮೂರು ಲಿಂಟಲ್ ಬೇಕಾಗುತ್ತವೆ. ಎರಡೂ ತುದಿ ಕನಿಷ್ಠ 200 ಮಿ.ಮೀ. ಗೋಡೆಯ ಮೇಲೆ ಕೂರಬೇಕು, ಅಡಿಯಲ್ಲಿ ಚಪ್ಪಟೆಯಾದ ದೊಡ್ಡ ಕಲ್ಲಿರಬೇಕು. ಲಿಂಟಲ್ ಮೇಲಿನ ಖಾಲಿ ಜಾಗಕ್ಕೆ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಿ ನಿಲ್ಲುವಷ್ಟು ಗಟ್ಟಿ ಗಾರೆಯನ್ನೂ ತೆಳು ಕಲ್ಲುಚಕ್ಕೆಯನ್ನೂ ಬಡಿದು ತುಂಬಿ. ಇಲ್ಲಿ ಬೆರಳಗಲ ಸಂದು ಬಿಟ್ಟರೂ ಆಸರೆ ತೆಗೆದ ದಿನ ಗೋಡೆ ಅಷ್ಟು ಕೆಳಗಿಳಿಯುತ್ತದೆ.

ಬಾಗಿಲಿನ ಎರಡೂ ಪಕ್ಕಕ್ಕೆ ಬಿಡಿಸಿದ ಕಲ್ಲುಗಳನ್ನೇ ಒಂದು ಉದ್ದ, ಒಂದು ಗಿಡ್ಡ ಎಂಬಂತೆ ಕಟ್ಟಿ. ಮೂರು ವರಸೆಗೊಮ್ಮೆಯಾದರೂ ಎರಡೂ ಮೈ ತಲುಪುವ ಕಲ್ಲು ಬರಲಿ. ತುಂಬು ಎಲ್ಲೂ ಹೊರಗೆ ಕಾಣಬಾರದು.

ಗಾರೆಗೆ ಎನ್‌ಎಚ್‌ಎಲ್ 3.5 (ನೀರು ಸೇರಿದಾಗ ಗಟ್ಟಿಯಾಗುವ ನೈಸರ್ಗಿಕ ಸುಣ್ಣದ ಮಧ್ಯಮ ದರ್ಜೆ) ಸುಣ್ಣ ಒಂದು ಪಾಲು, ತೊಳೆದ ಒರಟು ಮರಳು ಎರಡೂವರೆ ಪಾಲು. ಸಿಮೆಂಟ್ ದಯವಿಟ್ಟು ಬೇಡ. ಗೋಡೆ ಕುಡಿದ ನೀರು ಸುಣ್ಣದ ಸಂದಿನಿಂದ ಆರಿಹೋಗುತ್ತದೆ; ಸಿಮೆಂಟ್ ಆ ದಾರಿ ಮುಚ್ಚಿದರೆ ನೀರು ಕಲ್ಲಿನ ಮೂಲಕವೇ ಹೊರಬರಬೇಕು. ಕೆಲವೇ ವರ್ಷಗಳಲ್ಲಿ ಮೆದುಕಲ್ಲಿನ ಮುಖ ಪದರಪದರವಾಗಿ ಉದುರಿ, ಸಿಮೆಂಟ್ ಗೆರೆ ಮಾತ್ರ ಏಣಿನಂತೆ ಎದ್ದು ನಿಲ್ಲುತ್ತದೆ. ಸಂದನ್ನು ಅದರ ಅಗಲದ ಎರಡರಷ್ಟು, ಕನಿಷ್ಠ 25 ಮಿ.ಮೀ. ಆಳಕ್ಕೆ ಕೆದಕಿ, ನೀರು ಚಿಮುಕಿಸಿ, ಗಾರೆ ಒತ್ತಿ. ಹೆಬ್ಬೆರಳು ಒತ್ತಿದಾಗ ಗುಳಿ ಬೀಳದೆ ಗುರುತಷ್ಟೇ ಮೂಡುವ ಹೊತ್ತಿಗೆ ಗಟ್ಟಿ ಬ್ರಷ್‌ನಿಂದ ಕುಟ್ಟಿ. ವಾರವಿಡೀ ಒದ್ದೆ ಗೋಣಿತಾಟು ಹೊದಿಸಿಡಿ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕೆಲಸ ಮಾಡಬೇಡಿ.

ದನ ಕಟ್ಟುತ್ತಿದ್ದ ಗೋಡೆಯ ಕೆಳಭಾಗದಲ್ಲಿ ಗಂಜಲದ ಉಪ್ಪು ಇಳಿದಿರುತ್ತದೆ. ಗಾಳಿಯ ತೇವ ಹೀರಿ ಅದು ಸದಾ ಒದ್ದೆ ಕಲೆ ತೋರಿಸುತ್ತದೆ. ಅಲ್ಲಿ ಸುಣ್ಣದ ತೆಳು ಗಿಲಾವು ಮಾಡಿ, ಅದು ಉಪ್ಪು ಹೀರಿ ಉದುರಿದಾಗ ಕೆರೆದು ಮತ್ತೆ ಮಾಡಿ.

ಆಸರೆ ತೆಗೆಯುವುದು ಎರಡು ಮೂರು ವಾರದ ಮೇಲೆ, ಒಂದೊಂದೇ ಪ್ರಾಪ್ ಸ್ವಲ್ಪಸ್ವಲ್ಪ ಸಡಿಲಿಸುತ್ತ. ಅದಕ್ಕೂ ಮೊದಲು ಮೇಲಿನ ಬಿರುಕುಗಳಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿಡಿ. ಗಾಜು ಸೀಳಿದರೆ ಪ್ರಾಪ್‌ಗಳನ್ನು ತಕ್ಷಣ ಮತ್ತೆ ಬಿಗಿದು ಎಂಜಿನಿಯರನ್ನು ಕರೆಸಿ.