ಅಟ್ಟದೊಳಗೆ ಹೋಗದ ಇನ್‌ಸ್ಪೆಕ್ಟರ್‌ಗೆ ದುಡ್ಡು ಕೊಡಬೇಡಿ

ಷಿಕಾಗೊ ಸುತ್ತಮುತ್ತ ಮನೆ ಕೊಳ್ಳುವ ನಮ್ಮವರು ಶಾಲೆ, ಬಡ್ಡಿ ದರ, ಟ್ಯಾಕ್ಸ್ ಎಲ್ಲವನ್ನೂ ಅರೆದು ಕುಡಿದಿರುತ್ತಾರೆ. ಎಡವುವುದು ಅಟ್ಟದಲ್ಲಿ, ಅಂದರೆ ಸೀಲಿಂಗ್‌ಗೂ ಸೂರಿಗೂ ನಡುವಿನ ಜಾಗದಲ್ಲಿ. ಅದನ್ನೇ ಹೇಳುತ್ತೇನೆ.

ಮನೆಯ ಬಿಸಿ ಹೊರಗೆ ಸೋರದಂತೆ ಅಟ್ಟದಲ್ಲಿ ಹಾಸುವ ಇನ್ಸುಲೇಷನ್ ಅಳೆಯುವುದು ಆರ್-ವ್ಯಾಲ್ಯೂ ಲೆಕ್ಕದಲ್ಲಿ; ಅಂಕಿ ದೊಡ್ಡದಾದಷ್ಟೂ ಬಿಸಿ ತಡೆಯುವ ಶಕ್ತಿ ಹೆಚ್ಚು. ಇಲ್ಲಿಯಂಥ ಚಳಿ ಊರಿನ ಹೊಸ ಮನೆಯ ಅಟ್ಟಕ್ಕೆ 2018ರ ಮಾದರಿ ಇಂಧನ ಕೋಡ್ ಆರ್-49 ಕೇಳಿತ್ತು, 2021ರದ್ದು ಆರ್-60ಕ್ಕೆ ಏರಿಸಿತು. ಕಾಗದದ ಚೂರಿನಿಂದ ಮಾಡಿದ ಸೆಲ್ಯುಲೋಸ್ ಆದರೆ ಇಂಚಿಗೆ ಸುಮಾರು ಆರ್-3.5. ಅಂದರೆ ಆರ್-49ಕ್ಕೆ 14 ಇಂಚು ದಪ್ಪ ಬೇಕು. ಊದಿ ಹರಡುವ ಫೈಬರ್‌ಗ್ಲಾಸ್‌ಗೆ ಇನ್ನೂ ಜಾಸ್ತಿ. ಆದರೆ ಇದು ಹೊಸ ಮನೆಯ ನಿಯಮ. ಹಳೇ ಮನೆ ಮಾರುವವರು ಒಂದಿಂಚೂ ಸೇರಿಸಬೇಕಿಲ್ಲ.

ಹಾಗಾದರೆ ಕೊಳ್ಳುವ ಮೊದಲು ಮನೆ ಪರೀಕ್ಷಿಸಲು ನಾವು ಕರೆಸುವ ಹೋಮ್ ಇನ್‌ಸ್ಪೆಕ್ಟರ್ ಇದನ್ನು ಹಿಡಿಯುವುದಿಲ್ವಾ? ಇಲ್ಲ, ಅದು ಅವರ ಕೆಲಸವೇ ಅಲ್ಲ. ಕೋಡ್ ನೋಡುವುದು ಊರಿನ ಬಿಲ್ಡಿಂಗ್ ಇನ್‌ಸ್ಪೆಕ್ಟರ್, ಅದೂ ಮನೆ ಕಟ್ಟುವಾಗ. ನೀವು ದುಡ್ಡು ಕೊಟ್ಟು ಕರೆಸುವವರು ಕಣ್ಣಿಗೆ ಕಂಡದ್ದನ್ನು ಬರೆದುಕೊಡುತ್ತಾರೆ. ಅವರ ವೃತ್ತಿ ಸಂಘಗಳ ನಿಯಮದ ಪ್ರಕಾರ ಇನ್ಸುಲೇಷನ್ ಸರಿಸಿ ನೋಡಬೇಕಿಲ್ಲ. ಅಪಾಯ ಅನ್ನಿಸಿದರೆ ಅಟ್ಟದೊಳಗೆ ಹೋಗಬೇಕಿಲ್ಲ.

ನಮ್ಮ ಪರಿಚಯದ ಒಂದು ಮನೆಯವರ ವರದಿಯಲ್ಲಿ ಹೀಗಿತ್ತು: 'ಅಟ್ಟವನ್ನು ಹ್ಯಾಚ್‌ನಿಂದ ನೋಡಲಾಗಿದೆ. ಇನ್ಸುಲೇಷನ್ ಇದೆ.' ಹ್ಯಾಚ್ ಅಂದರೆ ಅಟ್ಟಕ್ಕೆ ಹತ್ತುವ ಕಿಂಡಿ. ಇದೆಯಲ್ಲ, ಸಾಕು ಅಂದುಕೊಂಡು ಸಹಿ ಹಾಕಿದರು. ಜನವರಿಯಲ್ಲಿ ಒಳಗಿನ ಬಿಸಿ ಸೋರಿ ಸೂರಿನ ಮೇಲಿನ ಹಿಮ ಕರಗಿ ಅಂಚಿಗೆ ಮಂಜುಗಡ್ಡೆ ಕಟ್ಟಿತು, ಮಲಗುವ ಕೋಣೆಯ ಸೀಲಿಂಗ್‌ನಲ್ಲಿ ನೀರಿನ ಕಲೆ ಮೂಡಿತು. ಒಳಗೆ ತೆವಳಿ ನೋಡಿದರೆ ಹ್ಯಾಚ್ ಹತ್ತಿರ ಮಾತ್ರ ದಪ್ಪಗಿತ್ತು. ಹಿಂದಿನ ಅರ್ಧದಲ್ಲಿ ಜಂತೆಗಳೇ ಕಾಣುತ್ತಿದ್ದವು. ಬಚ್ಚಲಮನೆ ಫ್ಯಾನಿನ ಪೈಪು ಹೊರಗೆ ಹೋಗದೆ ಅಟ್ಟದಲ್ಲೇ ಕೊನೆಯಾಗಿತ್ತು. ಆ ಹಬೆಯೆಲ್ಲ ಮೇಲಿನ ಹಲಗೆಗೆ ತಾಗಿ ಹಲಗೆ ಕಪ್ಪಗೆ ಬೂಷ್ಟು ಹಿಡಿದಿತ್ತು. ಇನ್‌ಸ್ಪೆಕ್ಟರ್ ಜೊತೆಗಿನ ಕರಾರಿನಲ್ಲಿ ಅವರ ಹೊಣೆ ತೆಗೆದುಕೊಂಡ ಫೀಸಿನಷ್ಟಕ್ಕೇ ಸೀಮಿತ. ರಿಪೇರಿಯ ಖರ್ಚೆಲ್ಲ ಇವರ ತಲೆಗೇ ಬಂತು.

ಆದ್ದರಿಂದ ಬುಕ್ ಮಾಡುವ ಮೊದಲೇ ಕೇಳಿ: ಅಟ್ಟದೊಳಗೆ ಹೋಗುತ್ತೀರಾ? ನಾಲ್ಕೂ ಮೂಲೆಯ ಫೋಟೊ ಕೊಡುತ್ತೀರಾ? ದಪ್ಪ ಎಷ್ಟು ಇಂಚು ಅಂತ ಬರೆಯುತ್ತೀರಾ? ಫ್ಯಾನಿನ ಪೈಪು ಎಲ್ಲಿಗೆ ಹೋಗುತ್ತದೆ ನೋಡುತ್ತೀರಾ? ತಡವರಿಸಿದರೆ ಬೇರೆಯವರನ್ನು ಹುಡುಕಿ. ಏಜೆಂಟ್ ಹೇಳಿದವರನ್ನೇ ಕರೆಯಬೇಕು ಅಂತೇನಿಲ್ಲ. ಆ ದಿನ ರಜೆ ಹಾಕಿ ಜೊತೆಗಿರಿ. ಇಲ್ಲಿನ ಮನೆ ಕೊಳ್ಳುವ ಕರಾರುಗಳಲ್ಲಿ ಇನ್‌ಸ್ಪೆಕ್ಷನ್‌ಗೆ ಸಾಮಾನ್ಯವಾಗಿ 5 ಕೆಲಸದ ದಿನ ಸಿಗುತ್ತದೆ. ಬೆಲೆ ಇಳಿಸಿ ಅಂತ ವಕೀಲರ ಮೂಲಕ ಕೇಳಲು ಅಷ್ಟೇ ಸಮಯ.

ಬೆಂಗಳೂರಿನಲ್ಲಿ ಖಾತಾ, ಇಸಿ ತೋರಿಸಲು ವಕೀಲರ ಹತ್ತಿರ ಓಡುತ್ತೇವೆ, ತಾರಸಿ ಸೋರುತ್ತಾ ಅಂತ ನೋಡಿಸಲು ಯಾರನ್ನೂ ಕರೆಯುವುದಿಲ್ಲ. ಆ ಮಟ್ಟಿಗೆ ಇಲ್ಲಿಯ ಪದ್ಧತಿಯೇ ವಾಸಿ. ಆದರೆ ಒಳಗೆ ಹೋಗದೆಯೇ 'ನೋಡಲಾಗಿದೆ' ಅಂತ ಬರೆಯಲು ಬಿಡುವುದು ಖಂಡಿತ ತಪ್ಪು.

ಕೊಂಡಾಗಿದ್ದರೆ, ಮೇಲೆ ಇನ್ಸುಲೇಷನ್ ಸುರಿಸುವ ಮೊದಲು ದೀಪ, ಪೈಪುಗಳ ಸುತ್ತಲಿನ ಸಂದಿ ಮುಚ್ಚಿಸಿ. ಸುಮ್ನೆ ಸುರಿದು ಹೋಗುವ ಕಂಟ್ರಾಕ್ಟರ್ ಬೇಡ. ಇನ್ಸುಲೇಷನ್‌ಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುತ್ತಿದ್ದ ತೆರಿಗೆ ರಿಯಾಯಿತಿ 2025ರ ಕೊನೆಗೇ ಮುಗಿಯಿತು. ಗ್ಯಾಸ್ ಕಂಪನಿಯ ರಿಬೇಟ್ ಇದೆಯಾ ವಿಚಾರಿಸಿ. ಹಳೇ ಮನೆಯಲ್ಲಿ ಹೊಳೆಯುವ ಬೂದುಕಂದು ಹರಳುಗಳಂಥದ್ದು ಕಂಡರೆ ಅದು ವರ್ಮಿಕ್ಯುಲೈಟ್ ಎಂಬ ಖನಿಜದ ಹಳೇ ಇನ್ಸುಲೇಷನ್ ಇರಬಹುದು. ಮೊಂಟಾನಾದ ಲಿಬ್ಬಿ ಗಣಿಯಿಂದ ಬಂದದ್ದರಲ್ಲಿ ಉಸಿರಿನೊಳಗೆ ಹೋದರೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಬೆರೆತಿತ್ತು. ಗಣಿ ಮುಚ್ಚಿದ್ದು 1990ರಲ್ಲಿ. ಅಂಥದ್ದನ್ನು ಕೆದಕಬೇಡಿ, ಗುಡಿಸಬೇಡಿ. ಆಸ್ಬೆಸ್ಟಾಸ್ ಕೆಲಸದ ತರಬೇತಿ ಇರುವವರು ಬಂದು ನೋಡುವವರೆಗೆ ಅಟ್ಟಕ್ಕೆ ಯಾರನ್ನೂ ಹತ್ತಿಸಬೇಡಿ.