ಯಾವ ಕಡೆ ತಿರುಗಿಸಿ ಜೋಡಿಸಿದರೂ ಬೆಳಗುವ ಗೇಮಿಂಗ್ ಟೈಲ್‌ಗಳು: ಕಟ್ಟುವ ಬಗೆ

ಮಿನಿಯೇಚರ್ ಆಟದ ಮೇಜಿನ ಮೇಲೆ ಒಂದು ಮನೆಗೆ ದೀಪ ಹಾಕುವುದು ದೊಡ್ಡ ಕೆಲಸವೇನಲ್ಲ. ಒಂದು ಬಟನ್ ಸೆಲ್, ಒಂದು ಎಲ್ಇಡಿ, ಒಂದು ಸ್ವಿಚ್ಚು ಇದ್ದರೆ ಸಾಕು. ಮೇಜನ್ನು ತುಂಬುವ ಒಂಬತ್ತು ಟೈಲ್‌ಗಳನ್ನು, ಅಂದರೆ ಚೌಕ ಹಲಗೆಗಳನ್ನು, ಹೇಗೆ ಬೇಕಾದರೂ ತಿರುಗಿಸಿ ಜೋಡಿಸಬೇಕು, ಎಲ್ಲಕ್ಕೂ ಒಂದೇ ಕಡೆಯಿಂದ ಕರೆಂಟ್ ಹರಿಯಬೇಕು ಎಂದಾಗ ತಲೆನೋವು ಶುರು. ಇಂಥ ಬೋರ್ಡುಗಳು ಹೆಚ್ಚಾಗಿ ಕೈಕೊಡುವುದು ಟೈಲಿನ ಅಂಚಿನಲ್ಲಿ. ಹಾಗಾಗಿ ಕಲ್ಲುಗೋಡೆ ಕೆತ್ತುವ ಆಸೆಯನ್ನು ಸ್ವಲ್ಪ ತಡೆದುಕೊಂಡು ಮೊದಲು ಅಂಚನ್ನು ಗಟ್ಟಿ ಮಾಡಿಕೊಳ್ಳಿ.

ಇಲ್ಲಿನ ಲೆಕ್ಕ 28 ಎಂಎಂ ಗೊಂಬೆಗಳ ಸುಮಾರು 3×3 ಅಡಿಯ ಸ್ಕರ್ಮಿಶ್ (ಕೆಲವೇ ಗೊಂಬೆಗಳ ಚಿಕ್ಕ ಕಾಳಗದ) ಮೇಜಿಗೆ, ಅಂದರೆ 300 ಎಂಎಂ ಚೌಕದ 9 ಟೈಲ್‌ಗಳಿಗೆ. ಒಂದಿಂಚಿನ ಚೌಕ ಗೆರೆಗಳ ಮೇಲೆ ಆಡುವವರು ಮಾತ್ರ 304.8 ಎಂಎಂ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹನ್ನೆರಡನೇ ಚೌಕ ಮೊಟಕಾಗುತ್ತದೆ.

ಪೆಟ್ಟಿಗೆ

ಪ್ರತಿ ಟೈಲ್ ಕೆಳಗೆ ತೆರೆದಿರುವ ಒಂದು ಚಪ್ಪಟೆ ಪೆಟ್ಟಿಗೆ. ಮೇಲೆ 4 ಎಂಎಂ ಪ್ಲೈವುಡ್, ಅದರ ಕೆಳಗೆ ಸುತ್ತಲೂ 9 ಎಂಎಂ ದಪ್ಪ, 25 ಎಂಎಂ ಎತ್ತರದ ಎಂಡಿಎಫ್ ಪಟ್ಟಿ. ವೈರು, ಬೋರ್ಡು ಎಲ್ಲ ಈ 25 ಎಂಎಂ ಜಾಗದಲ್ಲಿ ಅಡಗುತ್ತವೆ. ಪ್ಲೈವುಡ್ ಅಂಗಡಿಯಲ್ಲಿ ಒಂಬತ್ತನ್ನೂ ಗರಗಸದ ಒಂದೇ ಸೆಟ್ಟಿಂಗ್‌ನಲ್ಲಿ ಕತ್ತರಿಸಿಕೊಡಲು ಹೇಳಿ. ಎಲ್ಲವೂ 299 ಆದರೆ ತೊಂದರೆಯಿಲ್ಲ, ಒಂದು 299 ಮತ್ತೊಂದು 301 ಆದರೆ ಸಂದು ಬೀಳುತ್ತದೆ. ಎರಡೂ ಕರ್ಣಗಳನ್ನು ಅಳೆದು ನೋಡಿ, ಒಂದೇ ಇದ್ದರೆ ಮೂಲೆ ನೆಟ್ಟಗಿದೆ.

ಮೇಲ್ಮೈಗೆ 20ರಿಂದ 30 ಎಂಎಂ ಎಕ್ಸ್‌ಪಿಎಸ್ (ಒತ್ತಾದ, ಗಟ್ಟಿ ಫೋಮ್) ಶೀಟು. ಮಣಿ ಮಣಿಯಾಗಿ ಉದುರುವ ಮಾಮೂಲಿ ಥರ್ಮೋಕೋಲ್ ಬೇಡ, ಅದರಲ್ಲಿ ಇಟ್ಟಿಗೆ ಗೆರೆ ಕೆತ್ತಲಾಗದು. ಎಕ್ಸ್‌ಪಿಎಸ್ ಅನ್ನು ತಾರಸಿಯ ಇನ್ಸುಲೇಶನ್‌ಗೆ ಬಳಸುವುದರಿಂದ ಆ ಸಾಮಾನು ಮಾರುವವರ ಬಳಿ ಕೇಳಿ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಬೆಂಗಳೂರಿನಲ್ಲಿ ಎಸ್‌ಪಿ ರಸ್ತೆ ಇದ್ದೇ ಇದೆ.

ಅಂಚು

ಎರಡು ಟೈಲ್‌ಗಳು ಎದುರುಬದುರಾದಾಗ ಒಂದರ ಎಡಭಾಗ ಇನ್ನೊಂದರ ಬಲಭಾಗಕ್ಕೆ ತಾಗುತ್ತದೆ. ಉಳಿದ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲು ಅಯಸ್ಕಾಂತ. 10×3 ಎಂಎಂ ನಿಯೋಡೈಮಿಯಂ, ಅಂಚಿಗೆ 2, ಟೈಲಿಗೆ 8, ಒಟ್ಟು 72. ಎರಡೂ ಮೂಲೆಗಳಿಂದ 75 ಎಂಎಂ ಒಳಗೆ ಒಂದೊಂದು. ಅಂಚನ್ನು ಹೊರಗಿನಿಂದ ನೋಡಿದಾಗ ಎಡದ್ದರ ಉತ್ತರ ಧ್ರುವ ಹೊರಕ್ಕೆ, ಬಲದ್ದರ ದಕ್ಷಿಣ ಧ್ರುವ ಹೊರಕ್ಕೆ ಇರಲಿ. ಆಗ ಯಾವ ಅಂಚು ಯಾವುದಕ್ಕೆ ಬಂದರೂ ಸೆಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಅಯಸ್ಕಾಂತಗಳನ್ನು ಒಂದು ಕಂಬದಂತೆ ಪೇರಿಸಿ, ಮೇಲಿನದಕ್ಕೆ ಮಾರ್ಕರ್ ಚುಕ್ಕೆ ಇಟ್ಟು ತೆಗೆಯಿರಿ, ಮುಂದಿನದಕ್ಕೆ ಚುಕ್ಕೆ ಇಡಿ, ಹೀಗೆ ಕೊನೆಯವರೆಗೆ. ಅಂಟಿಸಲು ಎಪಾಕ್ಸಿಯೇ ಸರಿ, ಹಾಟ್ ಗ್ಲೂ ಕೆಲವು ಆಟಗಳಲ್ಲೇ ಕಿತ್ತು ಬರುತ್ತದೆ. ಮುಖ ಅಂಚಿಗೆ ಸಮನಾಗಿರಲಿ. ಅರ್ಧ ಎಂಎಂ ಒಳಗೆ ಹೋದರೂ ಹಿಡಿತ ಎದ್ದು ಕಾಣುವಷ್ಟು ಕುಗ್ಗುತ್ತದೆ.

ಅಯಸ್ಕಾಂತವನ್ನೇ ಕರೆಂಟ್ ಹಾಯಿಸಲು ಬಳಸಬಾರದೇ ಎಂದು ಕೇಳುವವರಿದ್ದಾರೆ. ಬೇಡ. ಸಾಮಾನ್ಯ ದರ್ಜೆಯ ನಿಯೋಡೈಮಿಯಂ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳಲು ಶುರುಮಾಡುತ್ತದೆ. ಅದಕ್ಕೆ ವೈರ್ ಬೆಸೆಯುವ ಕಡ್ಡಿಯ ತುದಿಯೋ 300 ಡಿಗ್ರಿ ಮೀರಿರುತ್ತದೆ.

ಕರೆಂಟಿಗೆ ಸ್ಪ್ರಿಂಗ್ ಇರುವ ಪೋಗೋ ಪಿನ್‌ಗಳು ಬೇಕು. ಅಂಚಿನ ನಡುಗೆರೆಯಿಂದ ಎಡಕ್ಕೆ 8 ಎಂಎಂ ದೂರದಲ್ಲಿ ಮೈನಸ್ ಪಿನ್, 20 ಎಂಎಂ ದೂರದಲ್ಲಿ ಪ್ಲಸ್ ಪಿನ್. ಬಲಕ್ಕೆ ಅದೇ 8ರಲ್ಲಿ ಮೈನಸ್ ಪ್ಯಾಡ್, 20ರಲ್ಲಿ ಪ್ಲಸ್ ಪ್ಯಾಡ್. ಪ್ಯಾಡ್ ಅಂದರೆ ತಾಮ್ರ ಹೊದಿಸಿದ ಪಿಸಿಬಿಯಿಂದ (ಸರ್ಕ್ಯೂಟ್ ಬೋರ್ಡಿನಿಂದ) ಕತ್ತರಿಸಿ ಸೋಲ್ಡರ್ ಬಳಿದ 8 ಎಂಎಂ ಅಗಲದ ತುಂಡು. ಹೀಗೆ ಪ್ರತಿ ಸಂದಿನಲ್ಲೂ ಪ್ಲಸ್‌ಗೆ ಎರಡು, ಮೈನಸ್‌ಗೆ ಎರಡು ದಾರಿ ಸಿಗುತ್ತವೆ. ಒಂದು ಕೊಳೆಯಾದರೂ ಇನ್ನೊಂದು ನಡೆಸುತ್ತದೆ. ಪಿನ್ 72, ಪ್ಯಾಡ್ 72. ಪಿನ್‌ಗಳನ್ನು 80 ಕೊಂಡಿಡಿ, ನಾಲ್ಕಾರು ಬೆಸುಗೆಯಲ್ಲೇ ಜಾಮ್ ಆಗುತ್ತವೆ. ಪಿನ್ನಿನ ತುದಿ ಅಂಚಿನಿಂದ 1 ಎಂಎಂ ಮಾತ್ರ ಹೊರಗಿರಲಿ. ಇನ್ನೂ ಚಾಚಿದರೆ ನಾಲ್ಕು ಸ್ಪ್ರಿಂಗ್ ಸೇರಿ ಟೈಲನ್ನು ದೂಡಿ ಸಂದು ತೆರೆಸುತ್ತವೆ.

ಎಲ್ಲರೂ ಎಡವುವ ಜಾಗ ಇದೇ: ಎಡದಿಂದ ಬಲಕ್ಕೆ ಪ್ಲಸ್, ಮೈನಸ್, ಪ್ಲಸ್, ಮೈನಸ್ ಎಂದು ಸಾಲಾಗಿ ವೈರ್ ಎಳೆಯುವುದು. ನೋಡಲು ಅಚ್ಚುಕಟ್ಟು. ಆದರೆ ಎದುರಿನ ಟೈಲ್ ಬಂದೊಡನೆ ಪ್ಲಸ್ ಹೋಗಿ ಮೈನಸ್‌ಗೆ ಕೂರುತ್ತದೆ, ನೇರ ಶಾರ್ಟ್. ಎಣಿಕೆ ಯಾವಾಗಲೂ ನಡುಗೆರೆಯಿಂದ ಹೊರಕ್ಕೆ ಸಾಗಬೇಕು.

36 ಅಂಚುಗಳನ್ನು ಸ್ಕೇಲ್ ಹಿಡಿದು ಗುರುತಿಸಬೇಡಿ. 3 ಎಂಎಂ ಅಕ್ರಿಲಿಕ್ ಪಟ್ಟಿಯಲ್ಲಿ ಎಲ್ಲ ತೂತು ಕೊರೆದು ಒಂದು ಜಿಗ್ (ಗುರುತು ಹಾಕುವ ಅಚ್ಚು) ಮಾಡಿ, ಒಂದು ಮುಖಕ್ಕೆ ‘ಹೊರಗೆ’ ಎಂದೂ ಒಂದು ಬದಿಗೆ ‘ಮೇಲೆ’ ಎಂದೂ ಬರೆಯಿರಿ. ಜಿಗ್ ಮಗುಚಿಕೊಂಡರೆ ಪಿನ್‌ ಜಾಗಕ್ಕೆ ಪ್ಯಾಡ್ ಬರುತ್ತದೆ.

ಒಳಗಿನ ವೈರಿಂಗ್

22 ಗೇಜ್ ಕೆಂಪು, ಕಪ್ಪು ವೈರನ್ನು ನಾಲ್ಕೂ ಅಂಚು ಮುಟ್ಟುವಂತೆ ಉಂಗುರವಾಗಿ ಸುತ್ತಿಸಿ. ದೀಪಗಳಿಗೆ ಇಲ್ಲಿಂದ ಎರಡು ಪಿನ್ನಿನ ಜೆಎಸ್‌ಟಿ ಕನೆಕ್ಟರ್ ಮೂಲಕ ಕವಲು. ಆಗ ಮನೆಯನ್ನು ಕಿತ್ತು ಬೇರೆ ಟೈಲಿಗೆ ಇಡಬಹುದು. ಎಕ್ಸ್‌ಪಿಎಸ್ ಅಂಟಿಸುವ ಮುನ್ನವೇ ಮಲ್ಟಿಮೀಟರ್ ಹಿಡಿಯಿರಿ. ಎಲ್ಲ ಪ್ಲಸ್‌ಗಳ ನಡುವೆ ಬೀಪ್ ಬರಬೇಕು, ಪ್ಲಸ್-ಮೈನಸ್ ನಡುವೆ ಬರಬಾರದು.

ಮೂಲ 5 ವೋಲ್ಟ್ 2 ಆಂಪ್ ಮೊಬೈಲ್ ಚಾರ್ಜರ್, ಒಂದೇ ಟೈಲಿಗೆ. ಅದರ ಪ್ಲಸ್‌ನಲ್ಲಿ 500 ಮಿಲಿಆಂಪ್‌ನ ಪಾಲಿಫ್ಯೂಸ್ (ಕರೆಂಟ್ ಮಿತಿಮೀರಿದರೆ ತಡೆದು, ಆಮೇಲೆ ತಾನೇ ಸರಿಹೋಗುವ ಫ್ಯೂಸ್) ಕಡ್ಡಾಯ, ಸರ್ವೋ ಮೋಟರ್ (ಹೇಳಿದಷ್ಟೇ ಕೋನಕ್ಕೆ ತಿರುಗುವ ಪುಟ್ಟ ಮೋಟರ್) ಇದ್ದರೆ 750ರದ್ದು. ಟೈಲನ್ನು ಅಂಚಿನ ಉದ್ದಕ್ಕೆ ಜಾರಿಸಿದರೆ ಪ್ಲಸ್ ಪಿನ್ ಮೈನಸ್ ಪ್ಯಾಡನ್ನು ಸವರಿಯೇ ಸವರುತ್ತದೆ. ಪವರ್ ಬ್ಯಾಂಕ್ ಬಳಸುವವರಿಗೆ ಇನ್ನೊಂದು ಕಾಟ: ಕರೆಂಟ್ ತೀರಾ ಕಡಿಮೆಯಾದರೆ ಅದು ಫೋನ್ ಚಾರ್ಜ್ ಆಯಿತೆಂದು ತಿಳಿದು ಆರಿಹೋಗುತ್ತದೆ. ಪ್ಲಸ್-ಮೈನಸ್ ನಡುವೆ 47 ಓಮ್, 2 ವ್ಯಾಟ್ ರೆಸಿಸ್ಟರ್ ಹಾಕಿದರೆ ಸದಾ 100 ಮಿಲಿಆಂಪ್‌ನಷ್ಟು ಎಳೆಯುತ್ತದೆ. ಅದು ಬಿಸಿಯಾಗುವುದರಿಂದ ಎಕ್ಸ್‌ಪಿಎಸ್‌ಗೆ ತಾಗಿಸಬೇಡಿ.

ದೀಪ, ಬೆಂಕಿ, ಬಾಗಿಲು

ಹೊಸಬರ ದೀಪಗಳು ಯಾವಾಗಲೂ ಅತಿ ಪ್ರಕಾಶ. ಬೀದಿದೀಪದ ವಾರ್ಮ್ ವೈಟ್ ಎಲ್ಇಡಿಗೆ 470 ಓಮ್ ಸಾಕು, ಸುಮಾರು 4 ಮಿಲಿಆಂಪ್ ಹರಿಯುತ್ತದೆ. ಕಿಟಕಿಯ ಹಿಂದಿನದಕ್ಕೆ 1 ಕಿಲೊಓಮ್ ಹಾಕಿ, ಗಾಜಿನ ಜಾಗಕ್ಕೆ ಬಟರ್ ಪೇಪರ್ ಅಂಟಿಸಿ. ಪ್ರತಿ ಎಲ್ಇಡಿಗೂ ಅದರದೇ ರೆಸಿಸ್ಟರ್ ಇರಲಿ. ಕೆಂಪು ಮತ್ತು ಬಿಳಿಯನ್ನು ಒಂದೇ ರೆಸಿಸ್ಟರಿಗೆ ಸೇರಿಸಿದರೆ 2 ವೋಲ್ಟಿಗೇ ಉರಿಯುವ ಕೆಂಪು ಎಲ್ಲ ಕರೆಂಟನ್ನು ನುಂಗುತ್ತದೆ, 3 ವೋಲ್ಟ್ ಬೇಕಾದ ಬಿಳಿ ಕಪ್ಪಗೆ ಕೂರುತ್ತದೆ.

ಒಲೆಯ ಬೆಂಕಿಗೆ ಆರ್ಡುವಿನೋ ನ್ಯಾನೋ ಎಂಬ, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡಿನ 3, 5, 6ನೇ ಪಿನ್‌ಗಳಲ್ಲಿ ಕೆಂಪು, ಕಿತ್ತಳೆ, ಹಳದಿ ಎಲ್ಇಡಿ, ತಲಾ 330 ಓಮ್. 40ರಿಂದ 120 ಮಿಲಿಸೆಕೆಂಡಿಗೊಮ್ಮೆ ಪ್ರಕಾಶ ಬದಲಾಗಲಿ, ಆದರೆ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯದಿರಲಿ. ಪೂರ್ತಿ ಆರಿ ಹತ್ತಿದರೆ ಕೆಟ್ಟ ಟ್ಯೂಬ್‌ಲೈಟ್ ಆಗುತ್ತದೆ, ಬೆಂಕಿಯಲ್ಲ. ನ್ಯಾನೋಗೆ 5 ವೋಲ್ಟ್ ಕೊಡುವುದು ‘5ವಿ’ ಪಿನ್ನಿಗೆ. ‘ವಿಐಎನ್’ಗೆ ಕೊಟ್ಟರೆ ರೆಗ್ಯುಲೇಟರ್ ಒಂದಷ್ಟು ವೋಲ್ಟೇಜ್ ತಿಂದುಬಿಡುತ್ತದೆ.

ಗೊಂಬೆ ಹೊಸ್ತಿಲು ತುಳಿದಾಗ ಮನೆ ಬೆಳಗಬೇಕೆ? ಗೊಂಬೆಯ ಬೇಸ್ ಕೆಳಗೆ 5×2 ಎಂಎಂ ಅಯಸ್ಕಾಂತ, ನೆಲದೊಳಗೆ ಅಯಸ್ಕಾಂತ ಹತ್ತಿರ ಬಂದರೆ ಗುರುತಿಸುವ ಎ3144 ಹಾಲ್ ಸೆನ್ಸರ್. ಸೆನ್ಸರಿನ ಅಕ್ಷರವಿರುವ ಮುಖ ಮೇಲಕ್ಕಿರಲಿ, ಮೇಲ್ಮೈಯಿಂದ 2 ಎಂಎಂಗಿಂತ ಆಳಕ್ಕೆ ಹೋಗದಿರಲಿ. ಅದು ದಕ್ಷಿಣ ಧ್ರುವಕ್ಕೆ ಮಾತ್ರ ಓಗೊಡುತ್ತದೆ, ಆದ್ದರಿಂದ ಗೊಂಬೆಯ ಅಯಸ್ಕಾಂತದ ದಕ್ಷಿಣ ಕೆಳಮುಖವಾಗಿರಬೇಕು. ಔಟ್‌ಪುಟ್ ನ್ಯಾನೋದ 2ನೇ ಪಿನ್ನಿಗೆ, ಕೋಡ್‌ನಲ್ಲಿ ಒಳಗಿನ ಪುಲ್ಅಪ್ (ಸೆನ್ಸರ್ ಸುಮ್ಮನಿದ್ದಾಗ ಪಿನ್ನನ್ನು 5 ವೋಲ್ಟಿನಲ್ಲಿ ಹಿಡಿದಿಡುವ ರೆಸಿಸ್ಟರ್) ಆನ್. ಅಂಚಿನ ಅಯಸ್ಕಾಂತಗಳಿಂದ 4 ಸೆಂಮೀ ದೂರವಿರಿಸಿ. ಅಗ್ಗವೆಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ ಒಳಗಿನ ಎರಡು ಲೋಹದ ಎಲೆಗಳು ಕೂಡಿಕೊಳ್ಳುವ ಸ್ವಿಚ್ಚು) ಮಲಗಿಸಿದರೆ ಒಂದು ವಿಚಿತ್ರ ಕಾಣುತ್ತದೆ: ಗೊಂಬೆ ಅದರ ನಟ್ಟನಡುವೆ ನಿಂತಾಗ ದೀಪ ಆರುತ್ತದೆ, ತುದಿಗೆ ಸರಿದಾಗ ಹತ್ತುತ್ತದೆ. ನಡುವೆ ಎರಡೂ ಎಲೆಗಳ ಮೇಲೆ ಸೆಳೆತ ಸಮವಾಗಿ ಅವು ಒಂದನ್ನೊಂದು ಹಿಡಿಯುವುದಿಲ್ಲ.

ಬಾಗಿಲು ತೆರೆಯಲು ಎಸ್‌ಜಿ90 ಸರ್ವೋ ಹಾಕುವುದಾದರೆ ಅದರ ಪಕ್ಕದಲ್ಲೇ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ. ಇಲ್ಲವಾದರೆ ಸರ್ವೋ ಅಲುಗಿದಾಗಲೆಲ್ಲ ನ್ಯಾನೋ ರೀಸೆಟ್ ಆಗಿ ಬೆಂಕಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಬಣ್ಣ

ಸ್ಪ್ರೇ ಪೇಂಟಿನ ದ್ರಾವಕ ಎಕ್ಸ್‌ಪಿಎಸ್ ಅನ್ನು ಕರಗಿಸುತ್ತದೆ. ಮೊದಲು ಮೂರು ಪಾಲು ಕಪ್ಪು ಅಕ್ರಿಲಿಕ್, ಒಂದು ಪಾಲು ಫೆವಿಕಾಲ್ ಬೆರೆಸಿ ಎರಡು ಕೋಟ್ ಬಳಿಯಿರಿ. ಮನೆಗಳ ಒಳಗೂ ಇದನ್ನೇ ಬಳಿಯಿರಿ, ಬಿಟ್ಟರೆ ದೀಪ ಹತ್ತಿದಾಗ ಗೋಡೆಯೇ ಮಿಣುಕುತ್ತದೆ. ಪ್ಲೈವುಡ್ಡಿನ ಅಡಿಮುಖಕ್ಕೂ ಅದೇ ದಿನ ಒಂದು ಕೋಟ್ ಕೊಡಿ. ಒಂದೇ ಬದಿ ನೀರು ಕುಡಿದರೆ ಟೈಲ್ ಬಾಗಿ ಪಿನ್‌ಗಳು ಪ್ಯಾಡ್ ತಪ್ಪುತ್ತವೆ. ಪಿನ್, ಪ್ಯಾಡ್‌ಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿ. ಕೊನೆಯ ಮ್ಯಾಟ್ ವಾರ್ನಿಷ್‌ನ ಪದರ ಕಣ್ಣಿಗೆ ಕಾಣದು, ಕರೆಂಟ್ ಮಾತ್ರ ನಿಲ್ಲುತ್ತದೆ. ಅಂಥ ಪ್ಯಾಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಉಜ್ಜಿ, ಜಗ್ಗದಿದ್ದರೆ ನಯವಾದ ಉಪ್ಪುಕಾಗದ ಬಳಸಿ.

ಎತ್ತಿಡುವಾಗ ಟೈಲ್‌ಗಳ ನಡುವೆ ದಪ್ಪ ರಟ್ಟು ಇರಲಿ. ಚಾರ್ಜರ್ ಕಿತ್ತ ಮೇಲೆಯೇ ಟೈಲ್‌ಗಳನ್ನು ಬೇರ್ಪಡಿಸಿ, ಅದೂ ಪಕ್ಕಕ್ಕೆ ಜಾರಿಸದೆ ನೇರ ಹಿಂದಕ್ಕೆ ಎಳೆದು.