ದೊಡ್ಡಪತ್ರೆ ಹೊಟ್ಟೆ ನುಲಿತ ಇಳಿಸುತ್ತಾ? ಕೋಳಿ ಕರುಳಿನಲ್ಲಿ ಪರೀಕ್ಷಿಸುವುದು ಹೀಗೆ

ಹಾಸನದಿಂದ ಸಕಲೇಶಪುರದವರೆಗೆ ಬಚ್ಚಲ ನೀರು ಹರಿಯುವ ಕಡೆ ಒಂದು ಬುಡ ದೊಡ್ಡಪತ್ರೆ ಇದ್ದೇ ಇರುತ್ತದೆ. ಹೊಟ್ಟೆ ನುಲಿದರೆ ಅಜ್ಜಿಯರು ಎಲೆಯನ್ನು ಬೆಂಕಿಗೆ ಬಾಡಿಸಿ ರಸ ಹಿಂಡುತ್ತಾರೆ. ನುಲಿತ ನಿಲ್ಲುತ್ತದೆ. ಎಲೆಯಿಂದ ನಿಂತಿತೋ, ತಾನಾಗೇ ನಿಂತಿತೋ? ಇದನ್ನು ತಿಳಿಯಲು ಫಾರ್ಮಸಿ ಕಾಲೇಜಿನ ಲ್ಯಾಬ್‌ನಲ್ಲಿ ಒಂದು ಹಳೆಯ ದಾರಿ ಇದೆ. ಜರ್ಮನಿಯ ರುಡಾಲ್ಫ್ ಮ್ಯಾಗ್ನಸ್ 1904ರಲ್ಲೇ ತೋರಿಸಿದ್ದು: ಉಪ್ಪು, ಶಾಖ, ಆಮ್ಲಜನಕ ಸಿಕ್ಕರೆ ಕರುಳಿನ ತುಂಡು ದೇಹದ ಹೊರಗೂ ಗಂಟೆಗಟ್ಟಲೆ ಹಿಗ್ಗಿ ಕುಗ್ಗುತ್ತದೆ.

ಗಿನಿಪಿಗ್, ಇಲಿ ಬೇಕೆಂದರೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ ಬೇಕು. ಕಲಿಯುವವರಿಗೆ ಕೋಳಿ ಅಂಗಡಿಯ ಕರುಳು ಸಾಕು. ಅದು ಹೇಗೂ ಕಸಕ್ಕೆ ಹೋಗುವಂಥದ್ದು.

ಮೊದಲು ಟೈರೋಡ್ ದ್ರಾವಣ, ಅಂದರೆ ಕರುಳಿನ ತುಂಡನ್ನು ಜೀವಂತವಾಗಿಡುವ ಉಪ್ಪುನೀರು. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಕ್ಲೋರೈಡ್ 8 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.2, ಕ್ಯಾಲ್ಸಿಯಂ ಕ್ಲೋರೈಡ್ 0.2, ಮೆಗ್ನೀಸಿಯಂ ಕ್ಲೋರೈಡ್ 0.1, ಸೋಡಿಯಂ ಬೈಕಾರ್ಬನೇಟ್ 1, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.05, ಗ್ಲುಕೋಸ್ 1 ಗ್ರಾಂ. ಕ್ಯಾಲ್ಸಿಯಂ ಬೇರೆ ಲೋಟದಲ್ಲಿ ಕರಗಿಸಿ ಕೊನೆಗೆ ಹಾಕಿ. ಮೊದಲೇ ಸುರಿದರೆ ದ್ರಾವಣ ಹಾಲಿನಂತೆ ಬೆಳ್ಳಗಾಗಿ ಕೆಡುತ್ತದೆ. ಗ್ಲುಕೋಸ್ ಆಯಾ ದಿನವೇ ಬೆರೆಸಬೇಕು.

ಈಗ ಎಲೆ. ಗಿಡವನ್ನು ಸಸ್ಯಶಾಸ್ತ್ರ ಬಲ್ಲವರಿಂದ ಗುರುತಿಸಿ, ಒಂದು ಕೊಂಬೆ ಒಣಗಿಸಿ ಇಟ್ಟುಕೊಳ್ಳಿ. ಬಹಳ ಜನ ಎಲೆಯನ್ನು ತೆರೆದ ಪಾತ್ರೆಯಲ್ಲಿ ಕುದಿಸಿ ಕಷಾಯ ಬತ್ತಿಸುತ್ತಾರೆ. ನನ್ನ ಪ್ರಕಾರ ದೊಡ್ಡಪತ್ರೆಗೆ ಇದು ಸರಿಯಲ್ಲ. ಆ ಘಮದ ಹಿಂದಿರುವುದು ಕಾರ್ವಕ್ರೋಲ್, ಥೈಮಾಲ್‌ನಂಥ ಆವಿಯಾಗುವ ಎಣ್ಣೆ. ಕುದಿಸಿದರೆ ಅದು ಹೋಗಿ ಸುಮ್ನೆ ಹಸಿರು ನೀರು ಉಳಿಯುತ್ತದೆ. ತಾಜಾ ರಸ ಸೋಸಿ ಬಳಸಿ, ಇಲ್ಲವೇ ಹಬೆಯಲ್ಲಿ ಎಣ್ಣೆ ಇಳಿಸಿ. ಎಣ್ಣೆ ನೀರಿನಲ್ಲಿ ಕರಗದು, ಆಲ್ಕೋಹಾಲ್ ಬೇಕು. ಆದರೆ ಆಲ್ಕೋಹಾಲ್ ತಾನೇ ಕರುಳನ್ನು ಸಡಿಲಿಸಬಲ್ಲದು! ಹಾಗಾಗಿ ಎಲೆಯಿಲ್ಲದ, ಬರೀ ಆಲ್ಕೋಹಾಲ್ ಹಾಕಿದ ಪರೀಕ್ಷೆಯೂ ಜೊತೆಗಿರಲಿ. ರಸವಾದರೆ ಪಿಎಚ್ ನೋಡಿ, ಹುಳಿ ಜಾಸ್ತಿಯಿದ್ದರೆ ಸರಿಪಡಿಸಿ. ಎಲೆಯಲ್ಲಿ ಪೊಟ್ಯಾಸಿಯಂ ಇರುವುದನ್ನೂ ಮರೆಯಬೇಡಿ. ಅದು ಹೆಚ್ಚಾದರೆ ಕರುಳು ಕುಗ್ಗುತ್ತದೆ, ಅಂದರೆ ಉಲ್ಟಾ ಫಲಿತಾಂಶ.

ಅಂಗಡಿಗೆ ಫ್ಲಾಸ್ಕ್‌ನಲ್ಲಿ ತಣ್ಣನೆಯ ಟೈರೋಡ್ ಒಯ್ದು, ಕೋಳಿ ಕೊಯ್ದ ತಕ್ಷಣ ಕರುಳು ಹಾಕಿಸಿಕೊಳ್ಳಿ. ಕೋಳಿಯ ಕರುಳಿಗೆ ಒಂದು ಬದಿ ಮುಚ್ಚಿದ ಎರಡು ಚೀಲಗಳಿರುತ್ತವೆ, ಅವೇ ಕುರುಡು ಕರುಳುಗಳು. ಅವೆರಡರ ನಡುವೆ ಸಾಗುವ, ಸಣ್ಣ ಕರುಳಿನ ಕೊನೆಯ ಭಾಗವೇ ನಮಗೆ ಬೇಕಾದ ಇಲಿಯಂ. ಒಳಗಿನ ಕೊಳೆಯನ್ನು ಬೆರಳಿನಿಂದ ಹಿಂಡಬೇಡಿ, ಪಿಪೆಟ್‌ನಿಂದ ದ್ರಾವಣ ಹಾಯಿಸಿ ತೊಳೆಯಿರಿ. 2–3 ಸೆಂ.ಮೀ. ತುಂಡು ಕತ್ತರಿಸಿ ಎರಡೂ ತುದಿಗೆ ದಾರ ಕಟ್ಟಿ. ಬಾಯಿ ಮುಚ್ಚಿಹೋಗಬಾರದು. ಒಂದು ದಾರ ಆರ್ಗನ್ ಬಾತ್‌ನ (ಬೆಚ್ಚಗಿನ ಟೈರೋಡ್ ತುಂಬಿದ ಗಾಜಿನ ಕೊಳವೆ) ತಳದ ಕೊಕ್ಕೆಗೆ, ಇನ್ನೊಂದು ಮೇಲಿನ ಲಿವರ್ ಅಥವಾ ಟ್ರಾನ್ಸ್‌ಡ್ಯೂಸರ್‌ಗೆ. ಕರುಳು ಕುಗ್ಗಿದಾಗ ಇವು ಅದನ್ನು ಗ್ರಾಫ್‌ನ ಗೆರೆಯಾಗಿ ಬರೆಯುತ್ತವೆ. ಗಾಳಿಯ ಗುಳ್ಳೆ ಬಿಡಿ, 37 ಡಿಗ್ರಿ ಸೆಲ್ಸಿಯಸ್ ಇಡಿ, ಅರ್ಧದಿಂದ ಒಂದು ಗ್ರಾಂ ಭಾರ ಕೊಟ್ಟು ಅರ್ಧ ಗಂಟೆ ಬಿಡಿ. ಆಗಾಗ ದ್ರಾವಣ ಬದಲಿಸುತ್ತಿರಿ. ಡಿಸೆಂಬರ್ ಬೆಳಿಗ್ಗೆ ಹಾಸನದ ಚಳಿಯಲ್ಲಿ ತೊಳೆಯಲು ಸುರಿಯುವ ದ್ರಾವಣವೂ ಬೆಚ್ಚಗಿರಬೇಕು, ಇಲ್ಲದಿದ್ದರೆ ಗ್ರಾಫ್ ಕುಣಿಯುತ್ತದೆ.

ಇಲ್ಲಿ ನುಲಿತ ತರಿಸುವುದು ಅಸಿಟೈಲ್‌ಕೋಲಿನ್, ಅಂದರೆ ಕರುಳಿನ ಸ್ನಾಯುವನ್ನು ಕುಗ್ಗಿಸಲು ನರಗಳು ಬಿಡುವ ರಾಸಾಯನಿಕ. ಸಣ್ಣ ಡೋಸ್‌ನಿಂದ ಶುರು ಮಾಡಿ ಪ್ರತಿ ಸಲ ದುಪ್ಪಟ್ಟು ಮಾಡಿ. ಒಂದು ಹಂತದಲ್ಲಿ ಗೆರೆಯ ಎತ್ತರ ಏರುವುದು ನಿಲ್ಲುತ್ತದೆ. ಅದಕ್ಕಿಂತ ಸ್ವಲ್ಪ ಕಡಿಮೆಯ ಡೋಸ್ ಆರಿಸಿ. ಅದೇ ಡೋಸ್‌ಗೆ ಸತತ ಮೂರು ಸಲ ಒಂದೇ ಎತ್ತರ ಬರಬೇಕು. ಬಾರದಿದ್ದರೆ ಮುಂದೆ ಹೋಗಬೇಡಿ, ತುಂಡು ಬದಲಿಸಿ. ಈಗ ಎಲೆಯ ಸಾರ ಹಾಕಿ, 5 ನಿಮಿಷ ಬಿಟ್ಟು, ಅದೇ ಅಸಿಟೈಲ್‌ಕೋಲಿನ್ ಮತ್ತೆ ಕೊಡಿ. 40 ಮಿ.ಮೀ. ಇದ್ದ ಎತ್ತರ 16ಕ್ಕೆ ಇಳಿದರೆ ಶೇ 60ರಷ್ಟು ತಡೆ.

ಇಲ್ಲೇ ಕುಣಿದಾಡಬೇಡಿ. ಸಾಯುತ್ತಿರುವ ಕರುಳೂ ಕಡಿಮೆ ಎಗರುತ್ತದೆ, ವಿಷ ತಗುಲಿದ್ದೂ ಅಷ್ಟೇ. ಚೆನ್ನಾಗಿ ತೊಳೆದು, ಅಸಿಟೈಲ್‌ಕೋಲಿನ್ ಮಾತ್ರ ಕೊಟ್ಟು ನೋಡಿ. ಗೆರೆ ಮತ್ತೆ 40ರ ಹತ್ತಿರ ಬಂದರೆ ಕರುಳು ಜೀವಂತವಾಗಿದೆ, ಸಾರವೇ ಅದನ್ನು ತಡೆದಿತ್ತು ಎಂದಾಯಿತು. ಬರದಿದ್ದರೆ ಆ ಅಳತೆಯನ್ನು ಫಲಿತಾಂಶಕ್ಕೆ ಸೇರಿಸಬೇಡಿ. ವರದಿಗಳಲ್ಲಿ ನಾನು ಮೊದಲು ಹುಡುಕುವುದು ಈ ತೊಳೆದ ನಂತರದ ಗೆರೆಯನ್ನೇ. ಎಷ್ಟೋ ಸಲ ಅದೇ ಇರುವುದಿಲ್ಲ.

ಹೋಲಿಕೆಗೆ ಅಟ್ರೋಪಿನ್ ಎಂಬ ಔಷಧ ಇರಲಿ. ಅದು ಅಸಿಟೈಲ್‌ಕೋಲಿನ್ ಕೂರುವ ಜಾಗವನ್ನೇ ಹಿಡಿದುಬಿಡುತ್ತದೆ. ದೊಡ್ಡಪತ್ರೆಯೂ ಹಾಗೇ ಮಾಡುತ್ತಾ? ತಿಳಿಯಲು ಇನ್ನೊಂದು ತುಂಡನ್ನು ಹೆಚ್ಚು ಪೊಟ್ಯಾಸಿಯಂ ಕ್ಲೋರೈಡ್‌ನಿಂದ ಕುಗ್ಗಿಸಿ. ಸಾಮಾನ್ಯವಾಗಿ 80 ಮಿಲಿಮೋಲಾರ್ ಬಳಸುತ್ತಾರೆ. ಈ ಕುಗ್ಗುವಿಕೆ ನಡೆಯುವುದು ಸ್ನಾಯುವಿನೊಳಗೆ ಕ್ಯಾಲ್ಸಿಯಂ ನುಗ್ಗುವುದರಿಂದ. ಸಾರ ಇದನ್ನೂ ಸಡಿಲಿಸಿದರೆ ಕ್ಯಾಲ್ಸಿಯಂ ದಾರಿಗೆ ಅಡ್ಡ ಬರುತ್ತಿರಬಹುದು, ಪುದೀನದ ಮೆಂಥಾಲ್ ಮಾಡುವ ಹಾಗೆ. ಅಸಿಟೈಲ್‌ಕೋಲಿನ್ ಒಂದನ್ನೇ ತಡೆದರೆ ಅಟ್ರೋಪಿನ್ ಜಾತಿ.

ಒಂದೇ ಕೋಳಿಯ ಆರು ತುಂಡು ಆರು ಪರೀಕ್ಷೆ ಆಗುವುದಿಲ್ಲ, ಆರು ಬೇರೆ ಬೇರೆ ಕೋಳಿ ಬೇಕು. ಮತ್ತೆ, ಬಾತ್‌ನಲ್ಲಿ ಕರುಳು ಸಾರದಲ್ಲೇ ಮುಳುಗಿರುತ್ತದೆ. ಕುಡಿದ ರಸ ಅಷ್ಟು ಗಟ್ಟಿಯಾಗಿ ಸ್ನಾಯುವನ್ನು ಮುಟ್ಟುತ್ತದೆಂದು ಹೇಳಲಾಗದು. ಆದ್ದರಿಂದ ವರದಿಯಲ್ಲಿ ‘ಕೋಳಿಯ ಕರುಳಿನ ಸ್ನಾಯು ಸಡಿಲಿಸಿತು’ ಎಂದು ಬರೆಯಿರಿ, ‘ಹೊಟ್ಟೆನೋವಿಗೆ ಮದ್ದು’ ಎಂದಲ್ಲ.